ಮೊದಲ ಆಲ್-ಗ್ರೇನ್ ಬಿಯರ್ ಬ್ರೂ: ಓಜಿ (ಹುದುಗೋ ಮೊದಲಿನ ಸಾಂದ್ರತೆ) 1.038 ಬಂದಿದೆ, ಏರ್‌ಲಾಕಲ್ಲಿ ಒಂದು ಗುಳ್ಳೆನೂ ಇಲ್ಲ, ಚೆಲ್ಲಿಬಿಡ್ಲಾ?

ತಿಪಟೂರ್_ತೆಂಗು (ಆಸ್ಟಿನ್, ಟೆಕ್ಸಾಸ್)

ಎಲ್ರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು. ಇದುವರೆಗೂ ಮೂರು ಸಲ ಎಕ್ಸ್‌ಟ್ರಾಕ್ಟ್ ಕಿಟ್ (ಮಾಲ್ಟ್ ಪಾಕ ರೆಡಿಯಾಗಿ ಬರೋದು) ತಂದು ಬಿಯರ್ ಮಾಡಿದ್ದೆ, ಮೂರೂ ಚೆನ್ನಾಗೇ ಬಂದಿತ್ತು, ಆ ಧೈರ್ಯದ ಮೇಲೆ ನಿನ್ನೆ ಶನಿವಾರ ಮೊದಲ ಸಲ ಕಾಳಿಂದಲೇ ಶುರು ಮಾಡಿದೆ, ಬ್ಯಾಗ್ ಹಾಕಿ ಮಾಡೋ ವಿಧಾನ. ಅಮೆರಿಕನ್ ಪೇಲ್ ಏಲ್, 19 ಲೀಟರ್ ರೆಸಿಪಿ. ಟೂ-ರೋ ಮಾಲ್ಟ್ (ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ) 4.5 ಕೆಜಿ, ಕ್ರಿಸ್ಟಲ್ 40 ಮಾಲ್ಟ್ 400 ಗ್ರಾಂ, ಹಾಪ್ಸ್ (ಕಹಿ, ಪರಿಮಳ ಕೊಡೋ ಹೂವು) ಪೂರ್ತಿ ಕ್ಯಾಸ್ಕೇಡ್ ಜಾತಿದು.

ನಡೆದಿದ್ದನ್ನ ಇದ್ದ ಹಾಗೇ ಹೇಳ್ತೀನಿ, ಎಲ್ಲಿ ತಪ್ಪಿದೆ ಅಂತ ನೀವೇ ಹೇಳಿ. 27 ಲೀಟರ್ ನೀರು 70 ಡಿಗ್ರಿಗೆ ಕಾಯಿಸಿ ಕಾಳು ಹಾಕಿದೆ, 67ಕ್ಕೆ ಬಂದು ನಿಂತು, ಖುಷಿ ಆಯ್ತು. ಆದ್ರೆ ಪಾತ್ರೆಗೆ ಏನೂ ಸುತ್ತಿರ್ಲಿಲ್ಲ, ಒಂದು ಗಂಟೆ ಬಿಟ್ಟು ನೋಡಿದ್ರೆ 62ಕ್ಕೆ ಇಳಿದಿತ್ತು. ಬ್ಯಾಗ್ ಎತ್ತಿ ಹಿಂಡಿ ಕುದಿಯೋಕೆ ಇಟ್ಟೆ. ಕುದಿ ಬಂದಾಗ ಮೊದಲ ಹಾಪ್ಸ್ ಹಾಕಿದ್ದೇ ತಡ, ನೊರೆ ಎದ್ದು ಪಾತ್ರೆ ಬಾಯಿಂದ ಹೊರಗೆ ಬಂತು. ಬರ್ನರ್ ಆರಿಸೋಷ್ಟರಲ್ಲಿ ಒಂದು ಲೋಟದಷ್ಟು ಹೋಯ್ತು. ಅದಾದ್ಮೇಲೆ ಹೆದರಿಕೆ ಆಗಿ ಉರಿ ಸಣ್ಣ ಮಾಡಿ ಮೆಲ್ಲಗೆ ಕುದಿಯೋ ಹಾಗೆ ಒಂದು ಗಂಟೆ ಬಿಟ್ಟೆ.

ಆಮೇಲೆ ತಣ್ಣಗೆ ಮಾಡೋದೇ ದೊಡ್ಡ ಕಷ್ಟ ಆಯ್ತು. ತಾಮ್ರದ ಕಾಯಿಲ್ ಚಿಲ್ಲರ್ ಇದೆ, ಆದ್ರೆ ಇಲ್ಲಿ ಈಗ ನಲ್ಲಿ ನೀರೇ 29 ಡಿಗ್ರಿ ಬರ್ತಿದೆ. ಮಧ್ಯದಲ್ಲಿ 50 ಡಿಗ್ರಿ ಇದ್ದಾಗ ಹೈಡ್ರೋಮೀಟರ್ (ಸಾಂದ್ರತೆ ಅಳೆಯೋ ಕಡ್ಡಿ) ಬಿಟ್ಟು ನೋಡಿದೆ, 1.038. ರೆಸಿಪಿ ಪ್ರಕಾರ 1.052 ಇರ್ಬೇಕು. ಕೊನೆಗೆ 30 ಡಿಗ್ರಿಗೆ ಇಳಿದ ಮೇಲೆ ಸಾಕಾಗಿ ಬಕೆಟ್‌ಗೆ ಸುರಿದೆ, ಬಕೆಟ್ ಮೇಲಿನ ಗೆರೆ ನೋಡಿದ್ರೆ 20.5 ಲೀಟರ್. ಯುಎಸ್-05 ಯೀಸ್ಟ್ ಒಂದು ಪ್ಯಾಕೆಟ್ ಉದುರಿಸಿ ಮುಚ್ಚಿದೆ. ಈಗ 30 ಗಂಟೆ ಆಯ್ತು, ಬಾತ್‌ರೂಮಲ್ಲಿ ಇಟ್ಟಿದೀನಿ, ಅಲ್ಲಿ 24 ಡಿಗ್ರಿ ಇದೆ, ಏರ್‌ಲಾಕಲ್ಲಿ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಮುಚ್ಚಳದ ನಳಿಗೆ) ಒಂದು ಗುಳ್ಳೆನೂ ಇಲ್ಲ.

ಅರ್ಧ ಕೆಜಿ ಸಕ್ಕರೆ ಕರಗಿಸಿ ಹಾಕಿ ಓಜಿ ಏರಿಸ್ಲಾ? ಇನ್ನೊಂದು ಪ್ಯಾಕೆಟ್ ಯೀಸ್ಟ್ ಹಾಕ್ಲಾ? ಅಥವಾ ಇದು ಹೋಯ್ತು ಅಂತ ಚೆಲ್ಲಿ ಹೊಸದು ಮಾಡೋದಾ? ಬೆಳಿಗ್ಗೆ 9ರಿಂದ ಸಂಜೆ 5ರವರೆಗೂ ನಿಂತು ಮಾಡಿದ್ದು, ಮನಸ್ಸಿಗೆ ತುಂಬಾ ಬೇಜಾರಾಗಿದೆ.

ಚಳಿನಾಡ_ಕಾಫಿ (ಮಿನಿಯಾಪೊಲಿಸ್)

ದಯವಿಟ್ಟು ಚೆಲ್ಲಬೇಡಿ, ಸಕ್ಕರೆ ಹಾಕ್ಬೇಡಿ, ಬಕೆಟ್ ಮುಟ್ಟೋ ಮೊದಲು ಇದನ್ನ ಪೂರ್ತಿ ಓದಿ. ನಿಮ್ಮ ಬ್ರೂ ಡೇ ಚೆನ್ನಾಗೇ ಆಗಿದೆ, ಮತ್ತೆ ನೀವು ಅಂಕಿ ಎಲ್ಲ ಬರ್ಕೊಂಡಿರೋದ್ರಿಂದ ಅದನ್ನ ತೋರಿಸೋಕೂ ಆಗತ್ತೆ.

ಹೈಡ್ರೋಮೀಟರ್ ಅನ್ನೋದನ್ನ ಒಂದು ನಿರ್ದಿಷ್ಟ ತಾಪಮಾನಕ್ಕೆ ಲೆಕ್ಕ ಹಾಕಿ ಮಾಡಿರ್ತಾರೆ, ಕೆಲವು 15.6 ಡಿಗ್ರಿಗೆ, ಕೆಲವು 20ಕ್ಕೆ, ಒಳಗಿರೋ ಕಾಗದದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರತ್ತೆ. ದ್ರವ ಬಿಸಿ ಇದ್ದಷ್ಟೂ ತೆಳು, ತೆಳು ಆದ್ರೆ ಕಡ್ಡಿ ಜಾಸ್ತಿ ಮುಳುಗತ್ತೆ, ರೀಡಿಂಗ್ ಕಮ್ಮಿ ತೋರಿಸತ್ತೆ. 50 ಡಿಗ್ರಿಲಿ ಈ ವ್ಯತ್ಯಾಸ ಸುಮಾರು 10 ಪಾಯಿಂಟ್ (ಒಂದು ಪಾಯಿಂಟ್ ಅಂದ್ರೆ 0.001). ಅಂದ್ರೆ ನಿಮ್ಮ 1.038 ನಿಜವಾಗ್ಲೂ 1.048ರ ಆಸುಪಾಸು.

ಈಗ ಉಳಿದ ನಾಕು ಪಾಯಿಂಟ್ ಎಲ್ಲಿ ಹೋಯ್ತು ನೋಡೋಣ. ರೆಸಿಪಿ ಕೇಳಿದ್ದು 19 ಲೀಟರ್ 1.052, ನಿಮ್ಮ ಹತ್ರ ಇರೋದು 20.5 ಲೀಟರ್ 1.048. 52ನ್ನ 19ರಿಂದ ಗುಣಿಸಿ, 988. 48ನ್ನ 20.5ರಿಂದ ಗುಣಿಸಿ, 984. ನೋಡಿ, ಕಾಳಿಂದ ಬರಬೇಕಾದ ಸಕ್ಕರೆ ಅಷ್ಟೂ ಬಂದಿದೆ, ಒಂದೂವರೆ ಲೀಟರ್ ನೀರು ಜಾಸ್ತಿ ಉಳ್ಕೊಂಡು ತೆಳು ಆಗಿದೆ ಅಷ್ಟೇ. ಆ ನೀರು ಯಾಕೆ ಉಳೀತು ಅಂದ್ರೆ ನೊರೆ ಉಕ್ಕಿದ ಹೆದರಿಕೆಗೆ ಉರಿ ಸಣ್ಣ ಮಾಡಿದ್ರಲ್ಲ, ಗಂಟೆಗೆ ಆವಿ ಆಗಬೇಕಾಗಿದ್ದು ಆಗ್ಲಿಲ್ಲ. ಮುಂದಿನ ಸಲ ಕುದಿ ಮುಗಿಯೋಕೆ ಹತ್ತು ನಿಮಿಷ ಇರೋವಾಗ ಪಾತ್ರೆಲಿ ಎಷ್ಟಿದೆ ಅಂತ ನೋಡಿ. ಒಂದು ಮರದ ಸೌಟಿನ ಹಿಡಿ ಮೇಲೆ ಲೀಟರ್ ಲೀಟರ್‌ಗೆ ಗೆರೆ ಕೊರ್ಕೊಳ್ಳಿ, ನಾನು ಹದಿನಾಲ್ಕು ವರ್ಷದಿಂದ ಅದೇ ಸೌಟು ಇಟ್ಕೊಂಡಿದೀನಿ. ನೀರು ಜಾಸ್ತಿ ಕಂಡ್ರೆ ಇನ್ನೊಂದು ಕಾಲು ಗಂಟೆ ಜೋರಾಗಿ ಕುದಿಸಿ.

ಮ್ಯಾಶ್ (ಕಾಳು ಬಿಸಿನೀರಲ್ಲಿ ನೆನೆಯೋ ಹಂತ) 67ರಿಂದ 62ಕ್ಕೆ ಇಳಿದಿದ್ದಕ್ಕೂ ಯೋಚನೆ ಬೇಡ. ಪಿಷ್ಟ ಸಕ್ಕರೆ ಆಗೋ ಕೆಲಸದಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಲೇ ಮುಗಿದಿರತ್ತೆ. ಕೆಳಗಿನ ತಾಪದಲ್ಲಿ ಬೀಟಾ ಅಮೈಲೇಸ್ ಅನ್ನೋ ಎನ್ಜೈಮ್ ಜಾಸ್ತಿ ಕೆಲಸ ಮಾಡತ್ತೆ, ಅದು ಯೀಸ್ಟ್ ತಿನ್ನೋಕಾಗೋ ಸಣ್ಣ ಸಕ್ಕರೆ ಕೊಡತ್ತೆ, ಹಾಗಾಗಿ ಬಿಯರ್ ಸ್ವಲ್ಪ ಡ್ರೈ (ಸಿಹಿ ಕಮ್ಮಿ) ಆಗಿ ಬರತ್ತೆ, ಪೇಲ್ ಏಲ್‌ಗೆ ಅದು ಒಳ್ಳೇದೇ. ಮುಂದಿನ ಸಲ ಪಾತ್ರೆಗೆ ಹಳೇ ಕಂಬಳಿ ಸುತ್ತಿ, ಆದ್ರೆ ಬರ್ನರ್ ಪೂರ್ತಿ ಆರಿಸಿದ ಮೇಲೆ ಸುತ್ತಿ.

ಯೀಸ್ಟ್ ವಿಷ್ಯ. 30 ಗಂಟೆ ಏನೂ ಅಲ್ಲ. ಡ್ರೈ ಯೀಸ್ಟ್ ಶುರು ಮಾಡೋಕೆ ಕೆಲವೊಮ್ಮೆ ಎರಡು ದಿನವೂ ತಗೊಳ್ಳತ್ತೆ, ಮತ್ತೆ ಪ್ಲಾಸ್ಟಿಕ್ ಬಕೆಟ್ ಮುಚ್ಚಳ ಅಂಚಿನಲ್ಲಿ ಗಾಳಿ ಬಿಡತ್ತೆ, ಗ್ಯಾಸು ಅಲ್ಲಿಂದ್ಲೇ ಹೋಗಿಬಿಡತ್ತೆ. ಏರ್‌ಲಾಕ್ ಸುಮ್ನಿದೆ ಅಂತ ಒಳಗೂ ಸುಮ್ನಿದೆ ಅನ್ಕೋಬೇಡಿ. ಟಾರ್ಚ್ ಬಿಟ್ಟು ಬಕೆಟ್ ಪಕ್ಕದಿಂದ ನೋಡಿ, ಮೇಲೆ ಕಂದು ನೊರೆಯ ಪಟ್ಟಿ ಕಂಡ್ರೆ ಕೆಲಸ ಶುರುವಾಗಿದೆ.

ನನಗೆ ನಿಜವಾಗಿ ಚಿಂತೆ ಆಗ್ತಿರೋದು ಆ 24 ಡಿಗ್ರಿ ಬಗ್ಗೆ. ಅದು ರೂಮಿನ ತಾಪ, ಬಕೆಟ್ ಒಳಗೆ ಯೀಸ್ಟ್ ಕೆಲಸಕ್ಕೆ ಇಳಿದ್ರೆ ಇನ್ನೂ ಮೂರ್ನಾಲ್ಕು ಡಿಗ್ರಿ ಏರತ್ತೆ. ಅಷ್ಟು ಬಿಸಿಲಿ ಆದ್ರೆ ಸ್ಪಿರಿಟ್ ಥರ ಗಂಟಲು ಸುಡೋ ವಾಸನೆ ಬರೋ ಸಾಧ್ಯತೆ ಇದೆ. ಈಗ್ಲೇ ಒಂದು ಟಬ್ಬಲ್ಲಿ ನೀರು ಹಾಕಿ ಬಕೆಟ್ ಇಡಿ, ಬಕೆಟ್‌ಗೆ ಹಳೇ ಟೀ ಶರ್ಟ್ ಹಾಕಿ ಅದರ ಅಂಚು ನೀರಲ್ಲಿ ಮುಳುಗಿರ್ಲಿ, ಎದುರಿಗೆ ಒಂದು ಫ್ಯಾನ್ ಇಡಿ. ನಮ್ಮೂರಲ್ಲಿ ಬೇಸಿಗೆಲಿ ನೀರಿನ ಮಡಕೆಗೆ ಒದ್ದೆ ಗೋಣಿ ಸುತ್ತಿಡ್ತಿದ್ರಲ್ಲ, ಅದೇ. ದಿನಕ್ಕೆರಡು ಸಲ ಫ್ರೀಜ್ ಮಾಡಿದ ನೀರಿನ ಬಾಟಲ್ ಟಬ್ಬಿಗೆ ಬಿಡಿ. 19-20ಕ್ಕೆ ಇಳಿಸಿ ಮೊದಲ ಮೂರ್ನಾಲ್ಕು ದಿನ ಕಾಪಾಡಿದ್ರೆ ಸಾಕು, ರುಚಿ ನಿರ್ಧಾರ ಆಗೋದು ಆ ದಿನಗಳಲ್ಲೇ.

ಧಾರವಾಡ_ಪೇಢೆ (ಲೀಡ್ಸ್, ಇಂಗ್ಲೆಂಡ್)

ಓಜಿ ಬಗ್ಗೆ ಮ್ಯಾಲಿನವ್ರು ಹೇಳಿದ್ದು ಖರೇ ಐತ್ರಿ, ನಾ ಮತ್ತ ಅದನ್ನ ಹೇಳಂಗಿಲ್ಲ. ನೊರೆ ಉಕ್ಕಿದ್ದರ ಬಗ್ಗೆ ಹೇಳ್ತೀನಿ, ಯಾಕಂದ್ರ ನಿಮ್ಮ ಇಡೀ ದಿನ ಕೆಟ್ಟಿದ್ದು ಅಲ್ಲಿಂದ.

ಹಾಲು ಕಾಯಿಸೋವಾಗ ಅವ್ವ ಒಲಿ ಮುಂದ ಹೆಂಗ ನಿಂತಿರ್ತಿದ್ಳು ನೆನಪ ಮಾಡ್ಕೊರಿ. ವರ್ಟ್ (ಕಾಳಿನ ಸಿಹಿ ರಸ) ಕುದಿ ಹತ್ತೋ ಮೊದಲಿನ ಐದು ನಿಮಿಷ ಹಂಗ ನಿಲ್ಲಬೇಕ್ರಿ, ಫೋನ್ ಬ್ಯಾಡ, ಕಾಳಿನ ಬ್ಯಾಗ್ ತೊಳಿಯೋದ ಬ್ಯಾಡ. ಮಾಲ್ಟಿನ ಪ್ರೋಟೀನ್ ಮ್ಯಾಲ ಬಂದು ನೊರೆ ಕಟ್ಟತೈತಿ, ಒಮ್ಮೆ ಅದು ಒಡದು ಕೆಳಗ ಇಳೀತಂದ್ರ ಆಮ್ಯಾಲ ಅಷ್ಟು ಉಕ್ಕಂಗಿಲ್ಲ. ಅದು ಇಳಿಯೋತನ ಹಾಪ್ಸ್ ಹಾಕಬ್ಯಾಡ್ರಿ. ಸ್ಪ್ರೇ ಬಾಟಲಿನಾಗ ತಣ್ಣೀರು ತುಂಬಿ ಕೈಯಾಗ ಇಟ್ಕೊರಿ, ನೊರೆ ಏರಿದ್ರ ಅದರ ಮ್ಯಾಲ ಸಿಂಪಡಿಸ್ರಿ, ತಟ್ಟನ ಇಳೀತೈತಿ. ಹಾಪ್ಸ್ ಹಾಕೋವಾಗ ಚೂರು ಚೂರ ಹಾಕ್ರಿ. ಇಷ್ಟು ಮಾಡಿದ್ರ ಉರಿ ಸಣ್ಣ ಮಾಡೋ ಪ್ರಸಂಗನ ಬರಂಗಿಲ್ಲ. ಮುಚ್ಚಳಾ ಮಾತ್ರ ಮುಚ್ಚಬ್ಯಾಡ್ರಿ, ಬೇಯಿಸಿದ ಮೆಕ್ಕಿಜೋಳದಂಥಾ ವಾಸನಿ ಕೊಡೋ ಡಿಎಂಎಸ್ ಅನ್ನೋದು ಆವಿ ಜೋಡಿ ಹೋಗಬೇಕು. ಪಿಲ್ಸ್ನರ್ ಮಾಲ್ಟ್ ಇದ್ರ ನಾ 90 ನಿಮಿಷ ಕುದಿಸ್ತೀನಿ, ನಿಮ್ಮ ಟೂ-ರೋಕ್ಕ 60 ಸಾಕು.

ಇನ್ನೊಂದು ಮಾತು, ನೀವು ನೀರಿನ ಬಗ್ಗೆ ಏನೂ ಬರದಿಲ್ಲ. ಎಕ್ಸ್‌ಟ್ರಾಕ್ಟ್‌ನಿಂದ ಕಾಳಿಗೆ ಬಂದಾಗ ನಾನೂ ನೀರನ್ನ ಮರತಿದ್ದೆ. ನಾಕನೇ ಬ್ಯಾಚ್ ಕುಡದ್ರ ಆಸ್ಪತ್ರಿ ವಾಸನಿ, ಗಾಯಕ್ಕ ಹಚ್ಚೋ ಪಟ್ಟಿ ಇರತೈತಲ್ಲ ಅದನ್ನ ಬಾಯಾಗ ಇಟ್ಟಂಗ ರುಚಿ. 23 ಲೀಟರ್ ಪೂರಾ ಚೆಲ್ಲಿದೆ, ಇವತ್ತಿಗೂ ಆ ಸಂಕಟ ಮರತಿಲ್ಲ. ನಲ್ಲಿ ನೀರಿನಾಗಿನ ಕ್ಲೋರಿನ್, ಕ್ಲೋರಮಿನ್ ಮಾಲ್ಟಿನ ಜೋಡಿ ಸೇರಿ ಹಂಗ ಆಗತೈತಿ. ಕ್ಲೋರಿನ್ ಕುದಿಸಿದ್ರ ಹೋಗತೈತಿ, ಕ್ಲೋರಮಿನ್ ಅಷ್ಟು ಸುಲಭ ಹೋಗಂಗಿಲ್ಲ. ಕ್ಯಾಂಪ್ಡನ್ (ಸಲ್ಫೈಟ್) ಮಾತ್ರೆ ಅರ್ಧ ಪುಡಿ ಮಾಡಿ ನೀರಿಗೆ ಹಾಕಿ ಕಲಿಸಿದ್ರ ನಿಮ್ಮ 27 ಲೀಟರಿಗೆ ಸಾಕಾಗಿ ಉಳೀತೈತಿ, ಕೆಲಸ ಕೆಲವೇ ನಿಮಿಷದಾಗ ಮುಗೀತೈತಿ. ಬ್ರೂ ದಿನ ಎದ್ದ ಕೂಡಲೇ ನಾ ಮಾಡೋ ಮೊದಲ ಕೆಲಸ ಇದು, ಚಹಾಕ್ಕಿಂತ ಮೊದಲ.

ಕುಡ್ಲದ_ಬಂಗುಡೆ (ಫೀನಿಕ್ಸ್, ಅರಿಜೋನಾ)

ಮಾರಾಯ್ರೆ, ನಲ್ಲಿ ನೀರು 29 ಅಂತ ನೀವು ಬೇಜಾರು ಮಾಡ್ತೀರಿ, ನಮ್ಮಲ್ಲಿ ಜುಲೈಯಲ್ಲಿ ಇನ್ನೂ ಜಾಸ್ತಿ ಉಂಟು. ಆದ್ರೂ ವರ್ಷ ಇಡೀ ಬ್ರೂ ಮಾಡ್ತೇನೆ. ಕಾಯಿಲ್ ಒಳಗೆ ಹೋಗುವ ನೀರಿಗಿಂತ ಕೆಳಗೆ ವರ್ಟ್ ಹೇಗೂ ಇಳಿಯುವುದಿಲ್ಲ, ಎಷ್ಟು ಹೊತ್ತು ನೀರು ಬಿಟ್ಟರೂ ಸುಮ್ಮನೆ ದಂಡ. ನಾನು ಮಾಡುವುದು ಹೀಗೆ: 40 ಡಿಗ್ರಿ ತನಕ ನಲ್ಲಿ ನೀರು, ಆ ಬಿಸಿ ನೀರನ್ನು ಬಕೆಟ್‌ನಲ್ಲಿ ಹಿಡಿದು ಪಾತ್ರೆ ತೊಳೆಯಲಿಕ್ಕೆ ಇಡುವುದು. 40ರ ನಂತರ ನಲ್ಲಿ ಬಂದ್ ಮಾಡಿ ಐಸ್ ಬಾಕ್ಸ್‌ನಲ್ಲಿ ಎರಡು ಚೀಲ ಐಸ್ ಹಾಕಿ ಮೀನಿನ ತೊಟ್ಟಿಗೆ ಬಳಸುವ ಹಾಗಿನ ಸಣ್ಣ ಪಂಪ್‌ನಿಂದ ಆ ಐಸ್ ನೀರನ್ನೇ ಕಾಯಿಲ್‌ಗೆ ಸುತ್ತಿಸುವುದು. ಮೊದಲೇ ಐಸ್ ಹಾಕಿದ್ರೆ ಐದು ನಿಮಿಷದಲ್ಲಿ ಕರಗಿ ಹೋಗ್ತದೆ, ಹಾಗೆ ಮಾಡ್ಬೇಡಿ. ಮತ್ತೆ ಕಾಯಿಲನ್ನು ಸುಮ್ಮನೆ ಮುಳುಗಿಸಿ ಬಿಡ್ಬೇಡಿ, ಮೆಲ್ಲ ಅಲ್ಲಾಡಿಸ್ತಾ ಇರಿ, ಸಮಯ ಅರ್ಧಕ್ಕೆ ಇಳೀತದೆ.

ಐಸ್ ಇಲ್ಲದಿದ್ರೆ ಇನ್ನೊಂದು ದಾರಿ ಉಂಟು. 30ಕ್ಕೆ ನಿಂತಿತಾ, ಬಕೆಟ್‌ಗೆ ಹಾಕಿ ಮುಚ್ಚಿ ರಾತ್ರಿ ಫ್ರಿಜ್ಜಿನಲ್ಲೋ ತಣ್ಣೀರ ಟಬ್ಬಿನಲ್ಲೋ ಇಡಿ, ಯೀಸ್ಟ್ ಬೆಳಿಗ್ಗೆ ಹಾಕಿ. ಪಾತ್ರೆ ಎಲ್ಲ ಸ್ಯಾನಿಟೈಜ್ ಆಗಿದ್ರೆ ಒಂದು ರಾತ್ರಿಯಲ್ಲಿ ಎಂತ ಆಗುವುದಿಲ್ಲ. ತೊಳೆಯುವುದು ಬೇರೆ, ಸ್ಯಾನಿಟೈಜ್ ಮಾಡುವುದು ಬೇರೆ, ಇದು ಮಾತ್ರ ನೆನಪಿರಲಿ. ಜಿಡ್ಡು ಇರುವ ಬಕೆಟ್‌ಗೆ ಸ್ಟಾರ್ ಸ್ಯಾನ್ ಎನ್ನುವ ಸ್ಯಾನಿಟೈಜರ್ ಹಾಕಿ ಪ್ರಯೋಜನ ಇಲ್ಲ. ಶುದ್ಧ ಮಾಡಿದ ಮೇಲೆ ಲೀಟರಿಗೆ ಒಂದೂವರೆ ಎಂಎಲ್ ಲೆಕ್ಕದಲ್ಲಿ ಹಾಕಿ, ಆ ನೊರೆ ಉಳಿದ್ರೂ ತೊಳೀಬೇಡಿ.

ಸೆಕೆಗಾಲಕ್ಕೆ ನಾನು ಯೀಸ್ಟನ್ನೇ ಬದಲಾಯಿಸಿದ್ದೇನೆ. ನಾರ್ವೆಯ ಹಳ್ಳಿ ಮನೆಗಳಲ್ಲಿ ತಲೆತಲಾಂತರದಿಂದ ಒಣಗಿಸಿ ಇಟ್ಟುಕೊಂಡು ಬಂದ ಕ್ವೈಕ್ ಅಂತ ಒಂದು ಜಾತಿ ಉಂಟು, 35 ಡಿಗ್ರಿಯಲ್ಲೂ ಶುದ್ಧವಾಗಿ ಕೆಲಸ ಮಾಡ್ತದೆ, ಮೂರ್ನಾಲ್ಕು ದಿನಕ್ಕೆ ಮುಗೀತದೆ. ವೋಸ್ ಅನ್ನುವುದರಲ್ಲಿ ಕಿತ್ತಳೆ ಸಿಪ್ಪೆಯ ಪರಿಮಳ ಬರ್ತದೆ, ಕ್ಯಾಸ್ಕೇಡ್ ಹಾಪ್ಸ್ ಜೊತೆ ಬಹಳ ಲಾಯ್ಕ ಆಗ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನೀವೂ ಅದನ್ನೇ ಹಾಕಿ ನೋಡಿ.

ಚಳಿನಾಡ_ಕಾಫಿ

ಬಂಗುಡೆ ಅಕ್ಕ ಹೇಳಿದ ಕಾಯಿಲ್ ಅಲ್ಲಾಡಿಸೋ ಮಾತು ತುಂಬಾ ಮುಖ್ಯ. ಒಂದು ಸೇರಿಸ್ತೀನಿ. ಇಲ್ಲಿಗೆ ಬಂದ ಹೊಸದರಲ್ಲಿ ಹೊರಗೆ ಮೊಣಕಾಲುದ್ದ ಹಿಮ ಇದೆಯಲ್ಲ ಅಂತ ಕುದಿಯೋ ಪಾತ್ರೆ ತಗೊಂಡೋಗಿ ಹಿಮದಲ್ಲಿ ಹೂತಿಟ್ಟಿದ್ದೆ. ಒಂದೂವರೆ ಗಂಟೆ ಆದ್ರೂ ಪಾತ್ರೆ ಬೆಚ್ಚಗೇ ಇತ್ತು. ಹಿಮದಲ್ಲಿ ತುಂಬ್ಕೊಂಡಿರೋದು ಗಾಳಿ, ಪಾತ್ರೆ ಸುತ್ತ ಇರೋದು ಕರಗಿ ಮಧ್ಯೆ ಖಾಲಿ ಜಾಗ ಆಗಿ ಅದೇ ಕಂಬಳಿ ಹೊದಿಸಿದ ಹಾಗೆ ಆಗತ್ತೆ. ಅದೇ ಹಿಮನ ಟಬ್ಬಿನ ನೀರಿಗೆ ಹಾಕಿ ಕಲಸಿ ಅದ್ರಲ್ಲಿ ಪಾತ್ರೆ ಇಟ್ರೆ ಅರ್ಧ ಗಂಟೆ.

ಬಸವನಗುಡಿ_ಬೆಣ್ಣೆ (ಬೆಂಗಳೂರು)

ಓದೋಕೇ ಖುಷಿ ಆಗ್ತಿದೆ. ನಮ್ಮಲ್ಲಿ ಮನೇಲಿ ಮಾಡ್ಬಹುದಾ? ಆನ್‌ಲೈನಲ್ಲಿ ಕಿಟ್‌ಗಳು ಕಾಣ್ತವೆ.

ಚಳಿನಾಡ_ಕಾಫಿ

ಬೇಡಪ್ಪ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ಮದ್ಯ ತಯಾರಿಸೋ ಹಾಗಿಲ್ಲ. ಅಮೆರಿಕದಲ್ಲೂ 1978ರಲ್ಲಿ ಕಾರ್ಟರ್ ಸಹಿ ಹಾಕಿದ ಮೇಲೇ ಫೆಡರಲ್ ಮಟ್ಟದಲ್ಲಿ ಮನೆ ಬಿಯರ್‌ಗೆ ತೆರಿಗೆ ಇಲ್ದೆ ಅವಕಾಶ ಆಗಿದ್ದು, ಒಬ್ಬರೇ ವಯಸ್ಕರಿರೋ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಜಾಸ್ತಿನೋ ಇದ್ರೆ 200, ಮಾರೋ ಹಾಗಿಲ್ಲ. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ.

ಧಾರವಾಡ_ಪೇಢೆ

ಇಲ್ಲಿ ಇಂಗ್ಲೆಂಡಿನಾಗ 1963ರಿಂದ ಲೈಸೆನ್ಸ್ ಬೇಕಿಲ್ರಿ. ಮಾರೋದು ಇಲ್ಲಿಯೂ ಆಗಂಗಿಲ್ಲ.

ತಿಪಟೂರ್_ತೆಂಗು

ನಿಮ್ಮೆಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಆ 988, 984 ಲೆಕ್ಕ ಓದಿ ರಾತ್ರಿ ಹನ್ನೆರಡಕ್ಕೆ ಹೆಂಡ್ತಿನ ಎಬ್ಬಿಸಿ ತೋರಿಸಿದೆ. ಟಾರ್ಚ್ ಬಿಟ್ಟು ನೋಡಿದ್ರೆ ಬಕೆಟ್ ಒಳಗೆ ಎರಡು ಬೆರಳು ದಪ್ಪ ನೊರೆ ಇದೆ, ಏರ್‌ಲಾಕ್ ಈಗಲೂ ಸುಮ್ನೇ ಇದೆ. ಟಬ್, ಟೀ ಶರ್ಟ್, ಫ್ಯಾನ್ ಎಲ್ಲ ಆಯ್ತು, ಬೆಳಿಗ್ಗೆ ಹೊತ್ತಿಗೆ 20ಕ್ಕೆ ಬಂದಿತ್ತು. ನೀರಿಗೆ ಏನೂ ಹಾಕಿರ್ಲಿಲ್ಲ, ಅದೊಂದು ಭಯ ಇದ್ದೇ ಇದೆ, ರುಚಿ ನೋಡಿದ ಮೇಲೆ ಹೇಳ್ತೀನಿ.

ಇನ್ನೊಂದು ಪ್ರಶ್ನೆ ಕೇಳ್ಬಹುದಾ? ಮುಂದಿನ ಬ್ರೂಗೆ ರಾಗಿ ಹಾಕೋ ಆಸೆ ಇದೆ. ಊರಿಂದ ಅಮ್ಮ ಕಳ್ಸಿದ ರಾಗಿ ಎರಡು ಕೆಜಿ ಇದೆ, ಇಲ್ಲಿ ಇಂಡಿಯನ್ ಅಂಗಡಿಲಿ ರಾಗಿ ಮಾಲ್ಟ್ ಪುಡಿನೂ ಸಿಗತ್ತೆ. ಆ ಪುಡಿನೇ ನೇರ ಮ್ಯಾಶಿಗೆ ಹಾಕಿದ್ರೆ ಆಗತ್ತಾ?

ಚಳಿನಾಡ_ಕಾಫಿ

ಆಹಾ, ನೀವು ಕೇಳಿದ್ದು ನನಗೆ ತುಂಬಾ ಪ್ರೀತಿ ಇರೋ ವಿಷ್ಯ. ಸ್ವಲ್ಪ ಉದ್ದ ಆಗತ್ತೆ, ಓದಿ.

ಅಂಗಡಿ ರಾಗಿ ಮಾಲ್ಟ್ ಪುಡಿ ಬಗ್ಗೆ ಎಚ್ಚರ. ಹಾಲಿಗೆ ಹಾಕಿ ಕುಡಿಯೋಕೆ ಮಾಡಿರೋದು ಅದು, ಮೊಳಕೆ ಕಟ್ಟಿದ್ರೂ ಆಮೇಲೆ ಘಮ ಬರೋ ಹಾಗೆ ಹುರಿದಿರ್ತಾರೆ, ಹುರಿದ್ರೆ ಎನ್ಜೈಮ್ ಸತ್ತಿರತ್ತೆ. ಕೆಲವದ್ರಲ್ಲಿ ಸಕ್ಕರೆ, ಏಲಕ್ಕಿ, ಹಾಲಿನ ಪುಡಿ ಕೂಡ ಇರತ್ತೆ, ಲೇಬಲ್ ಓದಿ.

ಎರಡನೇದು, ರಾಗಿ ಪಿಷ್ಟ ಬೇಯೋಕೆ ಬಾರ್ಲಿಗಿಂತ ಜಾಸ್ತಿ ಬಿಸಿ ಬೇಕು. ಬಾರ್ಲಿ ಪಿಷ್ಟ ಮ್ಯಾಶ್ ತಾಪದಲ್ಲೇ ಬಿಚ್ಕೊಳ್ಳತ್ತೆ, ರಾಗಿದು ಪೂರ್ತಿ ಬಿಚ್ಕೊಳ್ಳಲ್ಲ, ಬೇಯದ ಪಿಷ್ಟನ ಎನ್ಜೈಮ್ ಮುಟ್ಟೋಕಾಗಲ್ಲ. ಹಾಗಾಗಿ ಹಿಟ್ಟನ್ನ ಮೊದಲು ಬೇರೆ ಪಾತ್ರೆಲಿ ತೆಳ್ಳಗೆ ಅಂಬಲಿ ಥರ ಕಾಯಿಸ್ಬೇಕು, ಗಂಟು ಕಟ್ಟದ ಹಾಗೆ ತಣ್ಣೀರಲ್ಲಿ ಕದಡಿ ಆಮೇಲೆ ಒಲೆ ಮೇಲೆ ಇಡಿ. ನಾನು ಅದಕ್ಕೆ ಒಂದು ಹಿಡಿ ಬಾರ್ಲಿ ಮಾಲ್ಟ್ ಹಾಕಿ 68ರಲ್ಲಿ ಕಾಲು ಗಂಟೆ ಬಿಟ್ಟು ಆಮೇಲೆ ಕುದಿಸ್ತೀನಿ, ಹಾಗೆ ಮಾಡಿದ್ರೆ ಮುದ್ದೆ ಥರ ಗಟ್ಟಿ ಆಗಲ್ಲ. ಬೆಂದ ಅಂಬಲಿನ ಮುಖ್ಯ ಮ್ಯಾಶಿಗೆ ಸುರೀರಿ, ಅದರ ಬಿಸಿಗೆ ಮ್ಯಾಶ್ ತಾಪ ಏರತ್ತೆ, ಹಾಗಾಗಿ ಮೊದಲು ಮ್ಯಾಶನ್ನ ಸ್ವಲ್ಪ ಕೆಳಗೆ, 62-63ರಲ್ಲಿ ಇಟ್ಟಿರಿ. ಟೂ-ರೋಲಿ ಎನ್ಜೈಮ್ ಸಾಕಷ್ಟಿದೆ, ರಾಗಿ ಪಿಷ್ಟನೂ ಅದೇ ಕರಗಿಸತ್ತೆ.

ಇದಕ್ಕಿಂತ ಸುಲಭದ ದಾರಿ ನಮ್ಮ ಅಜ್ಜಿಯರ ಹತ್ರನೇ ಇತ್ತು, ಹುರಿಹಿಟ್ಟು. ರಾಗಿನ ಅರಳು ಹುರಿದಾಗ ಕಾಳು ಸಿಡಿದು ಅರಳತ್ತಲ್ಲ, ಆಗ್ಲೇ ಪಿಷ್ಟ ಬೆಂದಿರತ್ತೆ. ಅದನ್ನ ಬೀಸಿದ ಹುರಿಹಿಟ್ಟು ನೇರವಾಗಿ ಮ್ಯಾಶಿಗೆ ಹಾಕ್ಬಹುದು, ಬೇರೆ ಪಾತ್ರೆನೇ ಬೇಡ. ಐದು ಕೆಜಿ ಕಾಳಲ್ಲಿ ಅರ್ಧ ಕೆಜಿ ಹುರಿಹಿಟ್ಟು ಹಾಕಿ ಮಾಡಿದ್ದೆ, ಬಿಯರಲ್ಲಿ ಸುಟ್ಟ ರೊಟ್ಟಿ ಅಂಚಿನ ಪರಿಮಳ ಬಂತು, ಕಣ್ಣಲ್ಲಿ ನೀರು ಬಂತು ನನಗೆ. ಆದ್ರೆ ನುಣ್ಣನೆ ಹಿಟ್ಟು ಬ್ಯಾಗಿನ ತೂತಲ್ಲಿ ಇಳಿದು ತಳ ಹಿಡಿಯತ್ತೆ, ಮ್ಯಾಶ್ ನಡೀತಿರೋವಾಗ ಬರ್ನರ್ ಹಚ್ಚಬೇಡಿ, ಕುದಿ ಬರೋವರೆಗೂ ತಳ ಕೆರೀತಾ ಇರಿ. ರಾಗಿಗೆ ಬಾರ್ಲಿ ಥರ ಹೊಟ್ಟಿಲ್ಲ, ಅದಕ್ಕೆ ಬ್ಯಾಗ್ ಹಿಂಡೋಕೆ ಕಷ್ಟ ಆಗತ್ತೆ, ಬ್ರೂ ಅಂಗಡಿಲಿ ಭತ್ತದ ಹೊಟ್ಟು ಸಿಗತ್ತೆ, ಕಾಲು ಕೆಜಿ ಬೆರೆಸಿ.

ರಾಗಿನೇ ಪೂರ್ತಿ ಹಾಕಿ ಮಾಡೋದು ಬೇರೆ ವಿದ್ಯೆ. ನೇಪಾಳ, ಸಿಕ್ಕಿಂ ಕಡೆ ರಾಗಿಗೆ ಕೋದೋ ಅಂತಾರೆ, ಕಾಳನ್ನ ಬೇಯಿಸಿ ಮರ್ಚಾ ಅನ್ನೋ ಹೆಪ್ಪಿನ ಬಿಲ್ಲೆ ಪುಡಿ ಹಾಕಿ ಹುದುಗಿಸ್ತಾರೆ, ಬಿಸಿ ನೀರು ಸುರಿದು ಬಿದಿರಿನ ಕೊಳವೆಲಿ ಹೀರ್ತಾರೆ, ತೊಂಗ್ಬಾ ಅಂತ. ಅಲ್ಲಿ ಸಕ್ಕರೆ ಮಾಡೋ ಕೆಲಸ ಆ ಹೆಪ್ಪಿನಲ್ಲಿರೋ ಬೂಷ್ಟಿಂದು, ಮೊಳಕೆದಲ್ಲ.

ತಿಪಟೂರ್_ತೆಂಗು

ಐದು ವಾರ ಆಯ್ತು, ಹೇಳ್ತೀನಿ ಅಂದಿದ್ದೆ. ಹದಿನಾಲ್ಕನೇ ದಿನ ಎಫ್‌ಜಿ (ಹುದುಗಿ ಮುಗಿದ ಮೇಲಿನ ಸಾಂದ್ರತೆ) 1.010, ಮೂರು ದಿನ ಬಿಟ್ಟು ಮತ್ತೆ ನೋಡಿದೆ ಅದೇ 1.010, ಎರಡೂ ಸಲ ಸ್ಯಾಂಪಲ್ 20 ಡಿಗ್ರಿಗೆ ಆರಿಸಿ ನೋಡಿದ್ದು. 1.048ರಿಂದ ಲೆಕ್ಕ ಹಾಕಿದ್ರೆ ಆಲ್ಕೋಹಾಲ್ 5 ಪರ್ಸೆಂಟ್. ಬಾಟಲಲ್ಲಿ ಗ್ಯಾಸ್ ಹುಟ್ಟೋಕೆ ಕಾರ್ನ್ ಶುಗರ್ 120 ಗ್ರಾಂ ಕುದಿಸಿ ಬೆರೆಸಿ ಬಾಟಲ್ ಮಾಡಿದೆ, ಎರಡೂವರೆ ವಾರ ಅಲಮಾರಿಲಿ ಇಟ್ಟು ನಿನ್ನೆ ಮೊದಲ ಬಾಟಲ್ ತೆಗೆದೆ. ಬಣ್ಣ ಜೇನಿನ ಹಾಗಿದೆ, ಬಾಯಿಗೆ ಹಗುರ, ಕ್ಯಾಸ್ಕೇಡ್ ಚಕ್ಕೋತ ಸಿಪ್ಪೆ ವಾಸನೆ ಚೆನ್ನಾಗಿ ಬಂದಿದೆ. ಆಸ್ಪತ್ರೆ ವಾಸನೆ ಇಲ್ಲ, ಆದ್ರೂ ಕ್ಯಾಂಪ್ಡನ್ ಮಾತ್ರೆ ತಂದಿಟ್ಟೆ. ಕೊನೇಲಿ ಗಂಟಲಲ್ಲಿ ಒಂಚೂರು ಬಿಸಿ ಅನ್ಸತ್ತೆ, ಅದು ಮೊದಲ ದಿನದ 24 ಡಿಗ್ರಿದೇ ಇರ್ಬೇಕು.

ಸೌಟಿನ ಹಿಡಿಗೆ 22 ಗೆರೆ ಕೊರೆದಿದೀನಿ. ಶನಿವಾರ ಹುರಿಹಿಟ್ಟಿನ ಬ್ರೂ, ಅರಳು ಹುರಿಯೋಕೆ ಅಮ್ಮನ್ನ ವಿಡಿಯೋ ಕಾಲಲ್ಲಿ ಕೂರಿಸ್ಕೊತೀನಿ. ರಾಗಿಗೆ ನೀರು ಚಿಮುಕಿಸಿ ಒಂದು ರಾತ್ರಿ ಬಟ್ಟೆಲಿ ಕಟ್ಟಿಡ್ಬೇಕಂತೆ, ಅದನ್ನ ಈಗಷ್ಟೇ ಮಾಡಿ ಬಂದೆ.